ಕಚೇರಿಯ ಪ್ರಿಂಟರಿಗೆ ತಕ್ಕ ಲಕೋಟೆ: ಆಯ್ಕೆ ಮತ್ತು ಸಿದ್ಧತೆ

ಕಚೇರಿಗಳಿಂದ ಪ್ರತಿದಿನವೂ ಹೊರಡುವ ಪತ್ರಗಳಲ್ಲಿ ಸಂದರ್ಶನದ ಕರೆ, ನಿವೃತ್ತಿವೇತನದ ಆದೇಶ, ತೆರಿಗೆಗೆ ಸಂಬಂಧಿಸಿದ ತಿಳಿವಳಿಕೆ ಪತ್ರ, ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಮುಂತಾದವು ಸೇರಿರುತ್ತವೆ. ಇವೆಲ್ಲವೂ ನಿಗದಿತ ದಿನಾಂಕದೊಳಗೆ ಸಂಬಂಧಪಟ್ಟವರ ಕೈಸೇರಿದಾಗ ಮಾತ್ರ ಸಾರ್ಥಕವಾಗುತ್ತವೆ. ಪತ್ರದ ಒಕ್ಕಣೆಯನ್ನು ಹಲವು ಅಧಿಕಾರಿಗಳು ಓದಿ ತಿದ್ದುತ್ತಾರೆ. ಅಂಚೆಯವರು ಓದುವುದಾದರೋ ಲಕೋಟೆಯ ಮೇಲಿನ ವಿಳಾಸವನ್ನು ಮಾತ್ರ. ಆ ವಿಳಾಸ ಅಳಿಸಿಹೋಗಿದ್ದರೆ, ಸುಕ್ಕಿನಲ್ಲಿ ಸಿಕ್ಕಿಕೊಂಡಿದ್ದರೆ ಅಥವಾ ಪಿನ್ ಕೋಡಿನ ಒಂದು ಅಂಕಿ ಮಸುಕಾಗಿದ್ದರೆ, ಒಳಗಿರುವ ಪತ್ರ ಎಷ್ಟೇ ಸಮರ್ಪಕವಾಗಿದ್ದರೂ ಅದು ತಡವಾಗಿ ತಲುಪೀತು, ಇಲ್ಲವೇ ಕಳುಹಿಸಿದವರಿಗೇ ಹಿಂದಿರುಗೀತು.

ಪುಣೆ ನಗರವು ಕಚೇರಿಗಳ ನಗರ. ಸೇನೆಯ ದಕ್ಷಿಣ ಕಮಾಂಡಿನ ಕೇಂದ್ರ ಕಚೇರಿ, ವಿಶ್ವವಿದ್ಯಾನಿಲಯ, ಹವಾಮಾನ ಇಲಾಖೆಯ ಕಚೇರಿ, ರಾಷ್ಟ್ರೀಯ ಪ್ರಯೋಗಾಲಯಗಳು, ಬ್ಯಾಂಕುಗಳು ಮತ್ತು ಕಾರ್ಖಾನೆಗಳು ಇಲ್ಲಿವೆ. ಇಲ್ಲಿ ನೆಲೆಸಿರುವ ಕನ್ನಡಿಗರ ಸಂಸ್ಥೆಗಳಿಂದಲೂ ಮನೆಗಳಿಂದಲೂ ವಿಜಯಪುರ, ಕಲಬುರಗಿ, ಧಾರವಾಡ, ಬೆಳಗಾವಿಗಳ ಕಡೆಗೆ ಪತ್ರ ವ್ಯವಹಾರ ನಡೆಯುತ್ತಿರುತ್ತದೆ. ಲಕೋಟೆಗೆ ಬೇಕಾದ ಕಾಗದ, ವಿಳಾಸಕ್ಕೆ ಬೇಕಾದ ಅಕ್ಷರ, ಮಳೆಗಾಲದ ತೇವ ಈ ಮೂರು ವಿಷಯಗಳಿಗೂ ಪುಣೆಯಲ್ಲಿ ಉತ್ತಮ ನಿದರ್ಶನಗಳು ದೊರೆಯುವುದರಿಂದ, ಈ ಲೇಖನದಲ್ಲಿ ಆ ನಗರವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ.

ಲಕೋಟೆಯ ಸ್ವಭಾವ

ಕಚೇರಿಯ ಪ್ರಿಂಟರನ್ನು ಮುಖ್ಯವಾಗಿ ಒಂಟಿ ಹಾಳೆಗಾಗಿ ರೂಪಿಸಲಾಗಿರುತ್ತದೆ. ಹಾಳೆಯ ದಪ್ಪ ಎಲ್ಲ ಕಡೆಯೂ ಒಂದೇ ಆಗಿರುತ್ತದೆ. ಲಕೋಟೆಯು ಹಾಗಲ್ಲ. ಅದು ಮಡಿಸಿ ಅಂಟಿಸಿದ ಕಾಗದ. ಪ್ರತಿ ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದಿಂದ, ಅಂದರೆ ವ್ಯಾಪಾರದಲ್ಲಿ 80 ಜಿಎಸ್ಎಂ ಎಂದು ಕರೆಯುವ ಕಾಗದದಿಂದ ಮಾಡಿದ ಲಕೋಟೆಯಲ್ಲಿ, ಸಾಧಾರಣ ಭಾಗದಲ್ಲಿ ಎರಡು ಪದರ ಸೇರಿ 160 ಜಿಎಸ್ಎಂ ಆಗುತ್ತದೆ. ಬೆಸುಗೆ ಇರುವಲ್ಲಿ ಮೂರು ಪದರ ಸೇರಿ 240 ಆಗುತ್ತದೆ. ಇದರ ಜೊತೆಗೆ ಪದರಗಳ ನಡುವೆ ಗಾಳಿಯೂ ಮುಚ್ಚಳದ ಮೇಲೆ ಒಣಗಿದ ಅಂಟೂ ಇರುತ್ತವೆ.

ಲೇಸರ್ ಪ್ರಿಂಟರಿನಲ್ಲಿ ಟೋನರ್ ಎಂಬ ಪುಡಿಯನ್ನು ಕಾಗದದ ಮೇಲೆ ಅಕ್ಷರದ ಆಕಾರದಲ್ಲಿ ಕೂರಿಸಿ, ಬಳಿಕ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವ ಉರುಳೆಗಳ ನಡುವೆ ಒತ್ತಿ ಕರಗಿಸಿ ಅಂಟಿಸಲಾಗುತ್ತದೆ. ಈ ಉರುಳೆಗಳಿರುವ ಭಾಗಕ್ಕೆ ಫ್ಯೂಸರ್ ಎಂದು ಹೆಸರು. ಲಕೋಟೆಯ ಎರಡು ಪದರಗಳು ಇಲ್ಲಿ ಒಂದೇ ವೇಗದಲ್ಲಿ ಸರಿಯದಿದ್ದರೆ ಸುಕ್ಕು ಬೀಳುತ್ತದೆ. ಒಳಗಿನ ಗಾಳಿ ಹಿಂದಕ್ಕೆ ತಳ್ಳಲ್ಪಟ್ಟು ತುದಿಯಲ್ಲಿ ಉಬ್ಬುತ್ತದೆ. ಶಾಖಕ್ಕೆ ಅಂಟು ಮೆದುವಾಗಿ ಮುಚ್ಚಳ ಅಂಟಿಕೊಳ್ಳಬಹುದು. ಲಕೋಟೆ ಮುದ್ರಣದಲ್ಲಿ ಕಾಣುವ ಹೆಚ್ಚಿನ ದೋಷಗಳಿಗೆ ಮೂಲ ಇಲ್ಲಿದೆ. ಆದುದರಿಂದ ಯಂತ್ರವನ್ನು ದೂರುವ ಮೊದಲು ಲಕೋಟೆಯನ್ನು ಪರೀಕ್ಷಿಸುವುದು ಲೇಸು.

ಅಳತೆಯ ಆಯ್ಕೆ

ನಮ್ಮ ದೇಶದಲ್ಲಿ ಪತ್ರಗಳಿಗೆ ಸಾಮಾನ್ಯವಾಗಿ ಬಳಸುವುದು ಎ4 ಹಾಳೆ. ಇದರ ಅಳತೆ 210 ಮತ್ತು 297 ಮಿ.ಮೀ. ಇದನ್ನು ಮೂರು ಮಡಿಕೆ ಮಾಡಿದಾಗ 210 ಮತ್ತು 99 ಮಿ.ಮೀ. ಆಗುತ್ತದೆ. ಅಂತರರಾಷ್ಟ್ರೀಯ ಅಳತೆಯ ಡಿಎಲ್ ಲಕೋಟೆಯು 220 ಮತ್ತು 110 ಮಿ.ಮೀ. ಇರುವುದರಿಂದ ಈ ಮಡಿಕೆಗೆ ಸರಿಹೊಂದುತ್ತದೆ. ಹಾಳೆಯನ್ನು ಎರಡಾಗಿ ಮಡಿಸುವುದಾದರೆ 229 ಮತ್ತು 162 ಮಿ.ಮೀ. ಅಳತೆಯ ಸಿ5 ಲಕೋಟೆಯೂ, ಮಡಿಸದೆ ಕಳುಹಿಸುವುದಾದರೆ 324 ಮತ್ತು 229 ಮಿ.ಮೀ. ಅಳತೆಯ ಸಿ4 ಲಕೋಟೆಯೂ ಬೇಕಾಗುತ್ತವೆ.

ಆದರೆ ಅಂಗಡಿಗಳಲ್ಲಿ ಲಕೋಟೆಗಳು ಇಂದಿಗೂ ಹೆಚ್ಚಾಗಿ ಅಂಗುಲದ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಪುಣೆಯ ಅಪ್ಪಾ ಬಳವಂತ ಚೌಕದ ಲೇಖನ ಸಾಮಗ್ರಿಯ ಅಂಗಡಿಗಳಲ್ಲಾಗಲಿ, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಾಗಲಿ 9 ಮತ್ತು 4 ಅಂಗುಲದ ಲಕೋಟೆಯನ್ನು ಕೇಳುವುದು ವಾಡಿಕೆ. ಮಿಲಿಮೀಟರಿನಲ್ಲಿ ಇದು ಸುಮಾರು 229 ಮತ್ತು 102. ಮಡಿಸಿದ ಎ4 ಹಾಳೆಯ ಅಗಲ 99 ಮಿ.ಮೀ. ಆದ್ದರಿಂದ ಉಳಿಯುವ ಅವಕಾಶ ಕೇವಲ 3 ಮಿ.ಮೀ. ಒಂದೆರಡು ಹಾಳೆಗಳಿಗೆ ಇದು ಸಾಕು. ಹೆಚ್ಚಿನ ಹಾಳೆಗಳಿದ್ದರೆ 10 ಮತ್ತು 4½ ಅಂಗುಲದ ಲಕೋಟೆಯನ್ನು ಆರಿಸುವುದು ಯುಕ್ತ.

ಪ್ರಿಂಟರಿನ ಪಟ್ಟಿಯಲ್ಲಿ ಡಿಎಲ್, ಸಿ5 ಮುಂತಾದ ಹೆಸರುಗಳು ಸಿದ್ಧವಾಗಿ ಇರುತ್ತವೆ. ಅಂಗುಲದ ಈ ಅಳತೆಗಳು ಸಾಮಾನ್ಯವಾಗಿ ಇರುವುದಿಲ್ಲ. ಹತ್ತಿರದ ಅಳತೆಯನ್ನು ಆರಿಸಿ ಮುದ್ರಿಸಿದರೆ ವಿಳಾಸವು ಓರೆಯಾಗಿಯೋ ಅಂಚಿಗೆ ಸರಿದೋ ಬೀಳುತ್ತದೆ. ಲಕೋಟೆಯನ್ನು ಅಳತೆಪಟ್ಟಿಯಿಂದ ಅಳೆದು, ಆ ಉದ್ದ ಅಗಲಗಳನ್ನು ಹೊಸ ಅಳತೆಯಾಗಿ ಒಮ್ಮೆ ದಾಖಲಿಸಿಟ್ಟರೆ ಮುಂದೆ ತೊಂದರೆಯಿರುವುದಿಲ್ಲ.

ಕಾಗದದ ತೂಕ ಮತ್ತು ಮೇಲ್ಮೈ

ಲಕೋಟೆಗೆ 75ರಿಂದ 90 ಜಿಎಸ್ಎಂ ತೂಕದ, ನುಣುಪಾದ, ಆದರೆ ಹೊಳಪಿನ ಲೇಪವಿಲ್ಲದ ಬಿಳಿಯ ಕಾಗದ ಹೆಚ್ಚಿನ ಪ್ರಿಂಟರುಗಳಿಗೆ ಹೊಂದುತ್ತದೆ. ಇದಕ್ಕಿಂತ ತೆಳುವಾದದ್ದು ಉರುಳೆಗಳ ನಡುವೆ ಸುಕ್ಕಾಗುತ್ತದೆ, ಒಳಗಿನ ಬರೆಹವೂ ಹೊರಗೆ ಕಾಣುತ್ತದೆ. ಬಹಳ ದಪ್ಪದ್ದು ಯಂತ್ರದ ಒಳತಿರುವುಗಳಲ್ಲಿ ಬಾಗದೆ ಸಿಕ್ಕಿಕೊಳ್ಳುತ್ತದೆ. ಕಂದು ಬಣ್ಣದ ಲಕೋಟೆಗಳು ಗಟ್ಟಿಯಾಗಿದ್ದರೂ ಅವುಗಳ ಮೇಲೆ ಕಪ್ಪು ಅಕ್ಷರ ಅಷ್ಟು ಸ್ಪಷ್ಟವಾಗಿ ಎದ್ದು ಕಾಣುವುದಿಲ್ಲ. ಅಂತಹವುಗಳಿಗೆ ಬಿಳಿಯ ವಿಳಾಸ ಚೀಟಿಯನ್ನು ಮುದ್ರಿಸಿ ಅಂಟಿಸುವುದು ಉತ್ತಮ.

ಪುಣೆಯ ವಿಷಯ ಹೇಳುವಾಗ ಕೈಕಾಗದವನ್ನು ನೆನೆಯಲೇಬೇಕು. ಗ್ರಾಮೋದ್ಯೋಗಗಳ ಪುನರುಜ್ಜೀವನಕ್ಕೆ ಗಾಂಧೀಜಿಯವರು ನೀಡಿದ ಪ್ರೇರಣೆಯಿಂದ ಕೆ. ಬಿ. ಜೋಶಿಯವರು 1940ರಲ್ಲಿ ಇಲ್ಲಿಯ ಶಿವಾಜಿನಗರದಲ್ಲಿ ಕೈಕಾಗದ ಸಂಸ್ಥೆಯನ್ನು ಸ್ಥಾಪಿಸಿದರು. ಭಾರತ ಸಂವಿಧಾನದ ಹಿಂದಿ ಹಸ್ತಪ್ರತಿಗೆ ಬಳಸಿದ ಕಾಗದವೂ ಪುಣೆಯಲ್ಲಿ ತಯಾರಾದ ಕೈಕಾಗದವೇ. ಹತ್ತಿ ಬಟ್ಟೆಯ ಚೂರುಗಳನ್ನು ಅರೆದು ತಯಾರಿಸುವ ಈ ಕಾಗದಕ್ಕೆ ಮರದ ತಿರುಳು ಬೇಕಾಗುವುದಿಲ್ಲ, ಬಾಳಿಕೆಯೂ ಹೆಚ್ಚು. ಆಮಂತ್ರಣ, ಪ್ರಶಸ್ತಿಪತ್ರ ಮುಂತಾದವುಗಳಿಗೆ ಕೈಕಾಗದದ ಲಕೋಟೆಗಳನ್ನು ಅನೇಕ ಸಂಸ್ಥೆಗಳು ಅಭಿಮಾನದಿಂದ ಬಳಸುತ್ತವೆ.

ಆದರೆ ಕೈಕಾಗದದ ಲಕೋಟೆಯನ್ನು ಲೇಸರ್ ಪ್ರಿಂಟರಿಗೆ ಕೊಡುವಾಗ ವಿವೇಚನೆ ಬೇಕು. ಒರಟು ಮೇಲ್ಮೈಯ ತಗ್ಗುಗಳಿಗೆ ಫ್ಯೂಸರಿನ ಶಾಖ ಮತ್ತು ಒತ್ತಡ ಸರಿಯಾಗಿ ತಾಗುವುದಿಲ್ಲ. ಅಲ್ಲಿ ಕುಳಿತ ಟೋನರ್ ಬೆರಳು ಸೋಕಿದರೆ ಉದುರುತ್ತದೆ. ಹೂವಿನ ಎಸಳು, ಹುಲ್ಲಿನ ಎಳೆ ಸೇರಿಸಿ ಮಾಡಿದ ಅಲಂಕಾರದ ಕಾಗದದಿಂದ ಆ ತುಣುಕುಗಳು ಬಿಡಿಸಿಕೊಂಡು ಯಂತ್ರದೊಳಗೆ ಸೇರುವ ಭಯವಿದೆ. ಒತ್ತುಯಂತ್ರದಲ್ಲಿ ನಯಗೊಳಿಸಿದ ಕೈಕಾಗದವಾದರೆ ಒಂದೆರಡನ್ನು ಪರೀಕ್ಷಿಸಿ ಮುಂದುವರಿಯಬಹುದು. ಉಳಿದವುಗಳ ಮೇಲೆ ವಿಳಾಸವನ್ನು ಕೈಯಿಂದ ದುಂಡಾಗಿ ಬರೆಯುವುದೇ ಒಳ್ಳೆಯದು.

ಬೆಸುಗೆ, ಅಂಟು ಮತ್ತು ಕಿಟಕಿ

ಲಕೋಟೆಗಳನ್ನು ಒಟ್ಟಾಗಿ ಕೊಳ್ಳುವ ಮುನ್ನ ಒಂದನ್ನು ಕೈಯಲ್ಲಿ ಹಿಡಿದು ಕೆಳಗಿನ ಅಂಶಗಳನ್ನು ಪರಿಶೀಲಿಸತಕ್ಕದ್ದು.

1. ಬದಿಯ ಬೆಸುಗೆಯು ಮೂಲೆಯ ತುದಿಯವರೆಗೂ ಹೋಗಿರಬೇಕು. ಮಧ್ಯದಲ್ಲಿಯೇ ನಿಂತಿದ್ದರೆ ಮೂಲೆಯಲ್ಲಿ ಸುಕ್ಕು ಬೀಳುತ್ತದೆ.

2. ಯಂತ್ರದೊಳಗೆ ಮೊದಲು ಹೋಗುವ ಅಂಚು ತೆಳುವಾಗಿ, ಚೂಪಾಗಿ ಮಡಿಸಿರಬೇಕು. ಅಲ್ಲಿ ಎರಡಕ್ಕಿಂತ ಹೆಚ್ಚು ಪದರಗಳು ಇರಬಾರದು.

3. ಲೋಹದ ಕೊಂಡಿ, ದಾರ, ಗುಂಡಿ, ಪಿನ್ನು ಇರುವ ಲಕೋಟೆಗಳನ್ನು ಯಾವ ಕಾರಣಕ್ಕೂ ಪ್ರಿಂಟರಿಗೆ ಹಾಕಬಾರದು. ಅವು ಉರುಳೆಗಳನ್ನು ಗೀರಿ ಕೆಡಿಸುತ್ತವೆ.

4. ನೀರು ಸವರಿ ಅಂಟಿಸುವ ಮುಚ್ಚಳವು ಒಣಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಪಟ್ಟಿಯನ್ನು ಸುಲಿದು ಅಂಟಿಸುವ ಬಗೆಯದು ಶಾಖವನ್ನು ತಾಳುವಂತಹದೆಂದು ತಯಾರಕರು ತಿಳಿಸಿದ್ದರೆ ಮಾತ್ರ ಲೇಸರ್ ಪ್ರಿಂಟರಿಗೆ ಬಳಸಬೇಕು.

5. ಪಾರದರ್ಶಕ ಕಿಟಕಿಯಿರುವ ಲಕೋಟೆಯ ಪ್ಲಾಸ್ಟಿಕ್ ಶಾಖಕ್ಕೆ ಮುದುಡಬಹುದು. ಇಂತಹ ಲಕೋಟೆಯ ಉದ್ದೇಶವೇ ಪತ್ರದ ಮೇಲಿನ ವಿಳಾಸವನ್ನು ಹೊರಗೆ ತೋರಿಸುವುದಾದ್ದರಿಂದ ಅದನ್ನು ಪ್ರಿಂಟರಿಗೆ ಹಾಕುವ ಅಗತ್ಯವೂ ಇಲ್ಲ.

6. ಮಿತವ್ಯಯಕ್ಕಾಗಿ ಹಳೆಯ ಲಕೋಟೆಗೆ ಚೀಟಿ ಅಂಟಿಸಿ ಮತ್ತೆ ಬಳಸುವ ರೂಢಿ ಸ್ವಾಗತಾರ್ಹ. ಆದರೆ ಅವುಗಳ ಮೇಲೆ ವಿಳಾಸವನ್ನು ಕೈಯಿಂದಲೇ ಬರೆಯಬೇಕು.

ಇಂಕ್‌ಜೆಟ್ ಪ್ರಿಂಟರಿನಲ್ಲಿ ಶಾಖದ ಉರುಳೆ ಇಲ್ಲದ ಕಾರಣ ಅಂಟು ಮತ್ತು ಕಿಟಕಿಯ ತೊಂದರೆ ಕಡಿಮೆ. ಆದರೆ ಅದರ ಶಾಯಿಯು ಬಹುಮಟ್ಟಿಗೆ ನೀರಿನಲ್ಲಿ ಕದಡಿದ್ದು. ವಿಳಾಸದ ಮೇಲೆ ನಾಲ್ಕು ಹನಿ ಬಿದ್ದರೆ ಅಕ್ಷರಗಳು ಹರಡುವ ಸಂಭವವಿದೆ. ಕರಗುವ ಬಣ್ಣದ ಶಾಯಿಗಿಂತ ವರ್ಣಕಣಗಳಿರುವ ಶಾಯಿ ನೀರನ್ನು ಹೆಚ್ಚು ತಾಳುತ್ತದೆ. ಕೆಲವು ಕಚೇರಿಗಳಲ್ಲಿ ಇನ್ನೂ ಇರುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕಾಗದದ ದಪ್ಪಕ್ಕೆ ತಕ್ಕಂತೆ ಸರಿಸುವ ಸನ್ನೆಯೊಂದು ಇರುತ್ತದೆ. ಲಕೋಟೆ ಹಾಕುವಾಗ ಅದನ್ನು ಸರಿಪಡಿಸಿಕೊಳ್ಳಬೇಕು.

ಮಳೆಗಾಲದ ಎಚ್ಚರಿಕೆ

ಪುಣೆಯಲ್ಲಿ ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತದ ಮಳೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಒಣಗಾಳಿ. ಕಾಗದವು ಗಾಳಿಯ ತೇವವನ್ನು ಹೀರಿಕೊಳ್ಳುವ ಮತ್ತು ಬಿಟ್ಟುಕೊಡುವ ಸ್ವಭಾವದ್ದು. ಮಳೆಗಾಲದಲ್ಲಿ ತೆರೆದಿಟ್ಟ ಲಕೋಟೆಗಳು ತೇವ ಹೀರಿ ಅಲೆಯಲೆಯಾಗಿ ಬಾಗುತ್ತವೆ. ಮುಚ್ಚಳದ ಅಂಟು ತಾನಾಗಿಯೇ ಹಸಿಯಾಗಿ ಹತ್ತಿಕೊಳ್ಳುತ್ತದೆ. ಫ್ಯೂಸರಿನ ಶಾಖಕ್ಕೆ ಈ ತೇವವು ಹಬೆಯಾಗಿ ಏಳುವುದರಿಂದ ಸುಕ್ಕು ಇನ್ನೂ ಹೆಚ್ಚುತ್ತದೆ. ಬೇಸಿಗೆಯಲ್ಲಿ ಇದಕ್ಕೆ ವಿರುದ್ಧವಾಗಿ ಕಾಗದ ಒಣಗಿ ಸ್ಥಿರವಿದ್ಯುತ್ತಿನಿಂದ ಲಕೋಟೆಗಳು ಒಂದಕ್ಕೊಂದು ಅಂಟಿಕೊಂಡು ಎರಡೆರಡಾಗಿ ಯಂತ್ರದೊಳಗೆ ಹೋಗುತ್ತವೆ.

ಆದ್ದರಿಂದ ಲಕೋಟೆಗಳನ್ನು ಪೆಟ್ಟಿಗೆಯಲ್ಲಿ ಮಟ್ಟಸವಾಗಿ ಇಟ್ಟು, ಪಾಲಿಥೀನ್ ಹೊದಿಕೆಯಲ್ಲಿ ಮುಚ್ಚಿ, ನೆಲಕ್ಕೂ ಹೊರಗೋಡೆಗೂ ತಾಗದಂತೆ ಕಪಾಟಿನಲ್ಲಿ ಇಡಬೇಕು. ಮುದ್ರಿಸುವ ಹಿಂದಿನ ದಿನವೇ ಪೆಟ್ಟಿಗೆಯನ್ನು ತೆರೆಯದೆ ಪ್ರಿಂಟರ್ ಇರುವ ಕೋಣೆಗೆ ತಂದಿಡುವುದು ಒಳ್ಳೆಯದು. ಅಂದಿನ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಹೊರತೆಗೆಯಬೇಕು. ಒಂದು ವರ್ಷಕ್ಕೆ ಬೇಕಾದ ಲಕೋಟೆಗಳನ್ನು ಮೇ ತಿಂಗಳಲ್ಲಿಯೇ ಕೊಂಡು ಉಗ್ರಾಣಕ್ಕೆ ಸೇರಿಸುವುದಕ್ಕಿಂತ ಎರಡು ಮೂರು ಕಂತುಗಳಲ್ಲಿ ಕೊಳ್ಳುವುದು ಲಾಭಕರ. ಟೋನರ್ ನೀರಿಗೆ ಕರಗದಿರುವುದರಿಂದ ಮಳೆಗಾಲದ ಟಪಾಲಿಗೆ ಲೇಸರ್ ಮುದ್ರಣವೇ ಹೆಚ್ಚು ಸುರಕ್ಷಿತ ಎಂಬುದನ್ನೂ ನೆನಪಿನಲ್ಲಿಡಬೇಕು.

ಮುದ್ರಣಕ್ಕೆ ಮುನ್ನ ಸಿದ್ಧತೆ

ಮೊದಲು ಲಕೋಟೆಯ ಅಳತೆಗೆ ಒಂದು ಸಾದಾ ಹಾಳೆಯನ್ನು ಕತ್ತರಿಸಿ, ಅದರ ಒಂದು ಬದಿಗೆ ಪೆನ್ಸಿಲಿನಿಂದ ಗುರುತು ಮಾಡಿ ಪ್ರಿಂಟರಿಗೆ ಹಾಕಬೇಕು. ಯಾವ ಮುಖದ ಮೇಲೆ, ಯಾವ ದಿಕ್ಕಿನಲ್ಲಿ ಅಕ್ಷರ ಬೀಳುತ್ತದೆಂಬುದು ಇದರಿಂದ ತಿಳಿಯುತ್ತದೆ. ಈ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಪ್ರಿಂಟರಿನ ಮೇಲೆಯೇ ಅಂಟಿಸಿದರೆ ಮುಂದೆ ಬರುವ ಸಿಬ್ಬಂದಿಗೂ ಅನುಕೂಲ.

ಬಳಿಕ ಲಕೋಟೆಗಳನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ಒತ್ತಿ ಒಳಗಿನ ಗಾಳಿಯನ್ನು ಹೊರಡಿಸಬೇಕು. ಮೊದಲು ಹೋಗುವ ಅಂಚನ್ನು ಅಳತೆಪಟ್ಟಿಯಿಂದ ತೀಡಿ ಮಟ್ಟಸಗೊಳಿಸಬೇಕು. ಬಾಗಿದ, ಹರಿದ, ಮುಚ್ಚಳ ಹತ್ತಿಕೊಂಡ ಲಕೋಟೆಗಳನ್ನು ಬೇರ್ಪಡಿಸಬೇಕು. ಉಳಿದವುಗಳನ್ನು ಇಸ್ಪೀಟೆಲೆಯಂತೆ ಬಿಡಿಸಿ, ಅಂಚುಗಳನ್ನು ಮೇಜಿಗೆ ತಟ್ಟಿ ಸರಿಸಮ ಮಾಡಬೇಕು. ಅಂಚೆಚೀಟಿಯನ್ನು ಮುದ್ರಣದ ನಂತರವೇ ಹಚ್ಚಬೇಕು. ಪತ್ರವನ್ನು ಒಳಗಿಟ್ಟು ಮುದ್ರಿಸುವ ಯತ್ನ ಸಲ್ಲದು.

ಲಕೋಟೆಯನ್ನು ಹೆಚ್ಚಿನ ಪ್ರಿಂಟರುಗಳಲ್ಲಿ ಕೈಯಿಂದ ಕೊಡುವ ಟ್ರೇಯ ಮೂಲಕ, ಕಿರಿದಾದ ಅಂಚು ಮುಂದಾಗಿರುವಂತೆ ಹಾಕಲಾಗುತ್ತದೆ. ಒಮ್ಮೆಗೆ ಎಷ್ಟು ಎಂಬುದನ್ನು ಯಂತ್ರದ ಕೈಪಿಡಿಯಲ್ಲಿ ಹೇಳಿರುತ್ತದೆ. ಹತ್ತಕ್ಕಿಂತ ಹೆಚ್ಚು ಇಡದಿರುವುದು ಕ್ಷೇಮ. ಬದಿಯ ತಡೆಗಳು ಲಕೋಟೆಗೆ ತಾಗುವಂತಿರಬೇಕು, ಅದುಮುವಂತಿರಬಾರದು. ಹಿಂಬದಿಯಲ್ಲಿ ಬಾಗಿಲಿರುವ ಪ್ರಿಂಟರಿನಲ್ಲಿ ಅದನ್ನು ತೆರೆದಿಟ್ಟರೆ ಲಕೋಟೆ ತಿರುವಿಲ್ಲದೆ ನೇರವಾಗಿ ಹೊರಬರುತ್ತದೆ. ಕೆಲವು ಮಾದರಿಗಳಲ್ಲಿ ಫ್ಯೂಸರಿನ ಒತ್ತಡವನ್ನು ತಗ್ಗಿಸುವ ಸನ್ನೆಗಳೂ ಅಲ್ಲಿಯೇ ಇರುತ್ತವೆ. ಕೆಲಸ ಮುಗಿದೊಡನೆ ಅವನ್ನು ಮೊದಲಿನ ಸ್ಥಾನಕ್ಕೆ ತರಬೇಕು. ಕಂಪ್ಯೂಟರಿನಲ್ಲಿ ಕಾಗದದ ಬಗೆಯನ್ನು ಆರಿಸುವಾಗ ಲಕೋಟೆ ಎಂಬುದನ್ನೇ ಆರಿಸಿದರೆ ಯಂತ್ರವು ವೇಗ ಮತ್ತು ಶಾಖವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತದೆ.

ಮೊದಲನೆಯ ಲಕೋಟೆ ಹೊರಬಂದ ಮೇಲೆ ವಿಳಾಸವನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಬೇಕು. ಮಸಿ ಬೆರಳಿಗೆ ಹತ್ತಿದರೆ ಕಾಗದದ ಬಗೆಯ ಆಯ್ಕೆ ತಪ್ಪಿರಬಹುದು, ಇಲ್ಲವೇ ಲಕೋಟೆಯೇ ಆ ಯಂತ್ರಕ್ಕೆ ತಕ್ಕುದಲ್ಲ. ಲಕೋಟೆ ಸಿಕ್ಕಿಕೊಂಡರೆ ವಿದ್ಯುತ್ತನ್ನು ನಿಲ್ಲಿಸಿ, ಫ್ಯೂಸರ್ ತಣಿದ ಮೇಲೆ ಎರಡೂ ಕೈಗಳಿಂದ ಮೆಲ್ಲನೆ ಎಳೆಯಬೇಕು.

ವಿಳಾಸದ ಕನ್ನಡ ಅಕ್ಷರಗಳು

ಕನ್ನಡದಲ್ಲಿ ವಿಳಾಸ ಮುದ್ರಿಸುವಾಗ ಒತ್ತಕ್ಷರಗಳ ಕಡೆಗೆ ವಿಶೇಷ ಗಮನ ಬೇಕು. ಅಕ್ಷರ ಚಿಕ್ಕದಾದರೆ ಒತ್ತಕ್ಷರದ ಒಳಬಯಲು ಮಸಿಯಿಂದ ತುಂಬಿಹೋಗುತ್ತದೆ. ಸಾಲುಗಳ ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. 14 ಪಾಯಿಂಟ್ ಗಾತ್ರ ಮತ್ತು ಒಂದೂವರೆ ಸಾಲಿನ ಅಂತರ ಓದಲು ಹಿತಕರ. ಅಲಂಕಾರದ ಅಕ್ಷರಗಳನ್ನೂ ಓರೆ ಅಕ್ಷರಗಳನ್ನೂ ಬಳಸದಿರುವುದು ಒಳಿತು.

ಭಾರತೀಯ ಲಿಪಿಗಳು ಕಂಪ್ಯೂಟರಿಗೆ ಬಂದ ಕಥೆಯಲ್ಲಿ ಪುಣೆಗೆ ಪ್ರಮುಖ ಸ್ಥಾನವಿದೆ. 1988ರಲ್ಲಿ ಇಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯು, ಕಾನ್ಪುರದ ಐಐಟಿಯಲ್ಲಿ ಆರಂಭವಾಗಿದ್ದ ಜಿಸ್ಟ್ ತಂತ್ರಜ್ಞಾನವನ್ನು ಮುಂದುವರಿಸಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳನ್ನು ಸಾಮಾನ್ಯ ಕಂಪ್ಯೂಟರುಗಳಿಗೆ ತಂದಿತು. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಇಸ್ಕಿ ಎಂಬ ಸಂಕೇತ ವ್ಯವಸ್ಥೆಯನ್ನು ಮಾನಕವಾಗಿ ಅಂಗೀಕರಿಸಿತು. ಇಂದು ಯೂನಿಕೋಡ್ ಸರ್ವತ್ರ ಬಳಕೆಯಲ್ಲಿದೆ. ಆದರೂ ಹಲವು ಕಚೇರಿಗಳ ವಿಳಾಸ ಪಟ್ಟಿಗಳು ಇನ್ನೂ ಹಳೆಯ ಅಕ್ಷರ ವಿನ್ಯಾಸಗಳಲ್ಲಿಯೇ ಉಳಿದಿವೆ. ಅವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಇಂತಹ ಪಟ್ಟಿಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಹೆಸರುಗಳನ್ನು ಒಂದೊಂದಾಗಿ ತಾಳೆ ನೋಡಿದ ಮೇಲೆಯೇ ಲಕೋಟೆಗಳಿಗೆ ಬಳಸಬೇಕು.

ಪುಣೆಯಿಂದ ಹೊರಡುವ ಪತ್ರವನ್ನು ಮೊದಲು ವಿಂಗಡಿಸುವವರಿಗೆ ಕನ್ನಡ ಲಿಪಿ ಬಾರದೆ ಇರಬಹುದು. ಆದುದರಿಂದ ಕನ್ನಡ ವಿಳಾಸದೊಡನೆ ಊರು, ಜಿಲ್ಲೆ ಮತ್ತು ರಾಜ್ಯದ ಹೆಸರನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲಿಯೂ ಮುದ್ರಿಸುವುದು ಯುಕ್ತ.

ಪಿನ್ ಕೋಡ್ ಮತ್ತು ಸ್ಥಳಾವಕಾಶ

ಅಂಚೆ ಇಲಾಖೆಯು ಆರು ಅಂಕಿಗಳ ಪಿನ್ ಕೋಡನ್ನು 1972ರ ಆಗಸ್ಟ್ 15ರಂದು ಜಾರಿಗೆ ತಂದಿತು. ಇದರ ರೂವಾರಿಯಾದ ಶ್ರೀರಾಮ ಭಿಕಾಜಿ ವೇಲಣಕರ್ ಅವರು ಸಂಸ್ಕೃತ ಕವಿಯೂ ಆಗಿದ್ದರು. ಭಾಷೆ, ಲಿಪಿ ಮತ್ತು ಊರಹೆಸರುಗಳ ಗೊಂದಲವನ್ನು ಅಂಕಿಗಳ ಮೂಲಕ ನಿವಾರಿಸುವುದೇ ಇದರ ಉದ್ದೇಶ. ಮೊದಲ ಅಂಕಿ ವಲಯವನ್ನೂ, ಎರಡನೆಯದು ಉಪವಲಯವನ್ನೂ, ಮೂರನೆಯದು ವಿಂಗಡಣೆಯ ಜಿಲ್ಲೆಯನ್ನೂ, ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಪುಣೆ ನಗರದ ಸಂಖ್ಯೆಗಳು 411ರಿಂದ ಆರಂಭವಾಗುತ್ತವೆ. ಕರ್ನಾಟಕದವು 56ರಿಂದ 59ರವರೆಗಿನ ಅಂಕಿಗಳಿಂದ ಆರಂಭವಾಗುತ್ತವೆ.

ಒಂದು ಉದಾಹರಣೆಯನ್ನು ನೋಡಬಹುದು. 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವೆಂದು ಮರುನಾಮಕರಣಗೊಂಡಿತು. ದೇವನಹಳ್ಳಿ ತಾಲ್ಲೂಕಿನಲ್ಲಿಯೂ ವಿಜಯಪುರವೆಂಬ ಪಟ್ಟಣವಿದೆ. ಲಕೋಟೆಯ ಮೇಲೆ ವಿಜಯಪುರ, ಕರ್ನಾಟಕ ಎಂದಷ್ಟೇ ಇದ್ದರೆ ಪತ್ರ ಎತ್ತ ಹೋಗಬೇಕು? 586101 ಎಂದಿದ್ದರೆ ಅದು ಗೋಳಗುಮ್ಮಟದ ಊರಿಗೂ, 562135 ಎಂದಿದ್ದರೆ ದೇವನಹಳ್ಳಿಯ ಕಡೆಗೂ ಸಂದೇಹವಿಲ್ಲದೆ ಹೋಗುತ್ತದೆ. ಪಿನ್ ಕೋಡಿನ ಮೇಲೆ ಸುಕ್ಕು ಅಥವಾ ಬೆಸುಗೆಯ ಗೆರೆ ಬೀಳದಂತೆ ನೋಡಿಕೊಳ್ಳಬೇಕೆಂಬುದು ಇದೇ ಕಾರಣಕ್ಕಾಗಿ.

ವಿಳಾಸವು ಲಕೋಟೆಯ ಮಧ್ಯದಿಂದ ಬಲಕ್ಕೆ ಇರಲಿ, ಪಿನ್ ಕೋಡ್ ಕೊನೆಯ ಸಾಲಿನಲ್ಲಿರಲಿ. ಮೇಲಿನ ಬಲಮೂಲೆಯನ್ನು ಅಂಚೆಚೀಟಿ ಮತ್ತು ಮೊಹರಿಗಾಗಿ ಬಿಡಬೇಕು. ಎಲ್ಲ ಅಂಚುಗಳಿಂದಲೂ ಕನಿಷ್ಠ 15 ಮಿ.ಮೀ. ಒಳಗೆ ಮುದ್ರಿಸಿದರೆ ಅಕ್ಷರ ಕತ್ತರಿಸಿಹೋಗುವುದಿಲ್ಲ. ಕಳುಹಿಸುವವರ ವಿಳಾಸವನ್ನು ಎಡಭಾಗದಲ್ಲಿ ಅಥವಾ ಹಿಂಬದಿಯಲ್ಲಿ ತಪ್ಪದೆ ಕೊಡಬೇಕು. ಸ್ಪೀಡ್ ಪೋಸ್ಟಿನಲ್ಲಿ ಹೋಗುವ ಲಕೋಟೆಯಲ್ಲಿ ಬಾರ್‌ಕೋಡ್ ಚೀಟಿಗೂ ಜಾಗ ಬೇಕು.

ತೂಕದ ಲೆಕ್ಕವೂ ಉಪಯುಕ್ತ. 80 ಜಿಎಸ್ಎಂನ ಒಂದು ಎ4 ಹಾಳೆ 5 ಗ್ರಾಂ ತೂಗುತ್ತದೆ. ಅದೇ ಕಾಗದದ ಡಿಎಲ್ ಲಕೋಟೆಯೂ ಸುಮಾರು ಅಷ್ಟೇ. ಸಾಧಾರಣ ಪತ್ರದ ಮೊದಲ ಹಂತ 20 ಗ್ರಾಂ ಆದ್ದರಿಂದ ಎರಡು ಹಾಳೆಗಳು ನಿಶ್ಚಿಂತೆ, ಮೂರನೆಯದು ಗಡಿಯ ಮೇಲೆ. ಅಂಚೆವೆಚ್ಚ ಕಡಿಮೆಯಾದರೆ ಅದು ಪತ್ರ ಪಡೆಯುವವರಿಂದ ವಸೂಲಾಗುವ ಸಂಭವವಿದೆ. ಹಾಳೆಯ ಎರಡೂ ಬದಿಗಳಲ್ಲಿ ಮುದ್ರಿಸಿದರೆ ಕಾಗದವೂ ಅಂಚೆವೆಚ್ಚವೂ ಉಳಿಯುತ್ತವೆ.

ಹೀಗೆ ಅಳತೆಗೆ ತಕ್ಕ ಲಕೋಟೆ, ತೇವವಿಲ್ಲದ ಕಾಗದ, ಸರಿಯಾದ ಬೆಸುಗೆ, ಸ್ಪಷ್ಟ ಅಕ್ಷರ ಮತ್ತು ಪೂರ್ಣ ಪಿನ್ ಕೋಡ್ ಒಟ್ಟುಗೂಡಿದರೆ ಕಚೇರಿಯ ಕರ್ತವ್ಯದ ಒಂದು ಭಾಗ ನೆರವೇರಿದಂತೆ. ಇದಕ್ಕೆ ತಗಲುವ ಸಮಯ ಕೆಲವೇ ನಿಮಿಷಗಳು. ಅತ್ತ ದೂರದ ಹಳ್ಳಿಯಲ್ಲಿ ಅಂಚೆಯಣ್ಣನ ದಾರಿ ಕಾಯುತ್ತಿರುವ ಉದ್ಯೋಗಾರ್ಥಿಗೂ ನಿವೃತ್ತ ನೌಕರರಿಗೂ ಈ ಕೆಲವು ನಿಮಿಷಗಳ ಶ್ರಮದಿಂದ ಪತ್ರವು ಸಕಾಲದಲ್ಲಿ ದೊರೆಯುತ್ತದೆ.